ಟ್ರ್ಯಾಕ್ಟರಿಗೆ ಬರುವ ಕನ್ನಡ ನಿನ್ನ ಹೊಸ ಗಾಡಿಗೇಕೆ ಬರುವುದಿಲ್ಲ?

ಗೆಳೆಯಾ, ಹೊಸ ಗಾಡಿ ತೆಗೆದುಕೊಂಡಿದ್ದೀಯಾ? ತೆಗೆದುಕೊಳ್ಳುವ ಯೋಚನೆಯಲ್ಲಿದ್ದೀಯಾ? ಹಾಗಾದರೆ ಎರಡು ನಿಮಿಷ ಇಲ್ಲಿ ನಿಲ್ಲು. ನಾನೂ ತೆಗೆದುಕೊಂಡೆ. ದೊಡ್ಡ ಡೀಸೆಲ್ ಎಸ್‌ಯುವಿ. ಏಳು ಜನ ಕೂರಬಹುದು. ಕರಿ ಬಣ್ಣ. ವಿಜಯನಗರದ ನಮ್ಮ ಓಣಿಯಲ್ಲಿ ನಿಲ್ಲಿಸಿದರೆ ಎದುರುಮನೆಯವರ ಗೇಟು ತೆರೆಯುವುದಿಲ್ಲ, ಅಷ್ಟು ದೊಡ್ಡದು. ಅದರಲ್ಲಿ ನಮ್ಮೂರಿಗೆ ಹೋಗಿ ಬಂದೆ. ಶಿಕಾರಿಪುರ, ಶಿರಾಳಕೊಪ್ಪ, ಸೊರಬ. ಒಂದು ಸಾವಿರ ಕಿಲೋಮೀಟರಿನ ಹತ್ತಿರ ಓಡಿಸಿದೆ. ಗಾಡಿ ಹೇಗಿದೆ ಅಂತ ಎಲ್ಲರೂ ಕೇಳುತ್ತಾರೆ. ಹೇಳುತ್ತೇನೆ, ಕೇಳು. ಆದರೆ ಕೊನೆಯವರೆಗೂ ಕೇಳು. ಯಾಕೆಂದರೆ ಇದರಲ್ಲಿ ಬೈಗುಳವಿದೆ. ಅದು ಕಂಪನಿಗಿಂತ ಹೆಚ್ಚಾಗಿ ನನಗೆ ಮತ್ತು ನಿನಗೆ ಸಲ್ಲಬೇಕಾದ ಬೈಗುಳ.

ಮೊದಲು ಷೋರೂಮಿನ ಕಥೆ. ಬಾಗಿಲಲ್ಲೇ ಟೈ ಕಟ್ಟಿದ ಹುಡುಗ ನಿಂತಿದ್ದ. ಇಂಗ್ಲಿಷಿನಲ್ಲಿ ಬರಮಾಡಿಕೊಂಡ. ನಾನೂ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟೆ. ಹದಿನೆಂಟು ಲಕ್ಷದ ಗಾಡಿ ಕೊಳ್ಳಲು ಬಂದವನು ಕನ್ನಡ ಮಾತಾಡಿದರೆ ದರ್ಜೆ ಇಳಿದೀತೆಂಬ ಹೆದರಿಕೆ! ಮುಕ್ಕಾಲು ಗಂಟೆ ಹೀಗೇ ನಡೆಯಿತು. ಟಾರ್ಕು, ಸನ್‌ರೂಫು, ಇಎಮ್‌ಐ. ಕೊನೆಗೆ ಅವನಿಗೆ ಮನೆಯಿಂದ ಫೋನು ಬಂತು. "ಹೇಳಬೇ ಯವ್ವಾ, ಉಂಡೆ" ಅಂದ. ಯಾವೂರಪ್ಪಾ ಅಂದೆ. ಶಿಕಾರಿಪುರ ಸಾರ್ ಅಂದ. ನನ್ನದು ಸೊರಬ! ನಡುವೆ ನಲವತ್ತು ಕಿಲೋಮೀಟರು. ಪಕ್ಕಪಕ್ಕದ ತಾಲ್ಲೂಕಿನ ಇಬ್ಬರು ಕನ್ನಡದ ಮಕ್ಕಳು ಕನ್ನಡದ ರಾಜಧಾನಿಯಲ್ಲಿ ಕೂತು ಬಾಡಿಗೆ ಭಾಷೆಯಲ್ಲಿ ವ್ಯಾಪಾರ ಮಾಡುತ್ತಿದ್ದೆವು. ಯಾರಾದರೂ ನಮ್ಮ ಕುತ್ತಿಗೆಗೆ ಕತ್ತಿ ಹಿಡಿದಿದ್ದರೇ? ಇಲ್ಲ.

ಗಾಡಿ ಚೆನ್ನಾಗಿದೆ, ಸುಳ್ಳು ಹೇಳಬಾರದು

ಬೆಳಗಿನ ಜಾವ ನಾಲ್ಕಕ್ಕೆ ಹೊರಟೆ. ತುಮಕೂರು, ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗ. ಎಂಜಿನ್ ಆನೆಯಂಥದು. ಲಾರಿ ಹಿಂದೆ ಹಾಕಬೇಕೆಂದರೆ ಕಾಲು ಸ್ವಲ್ಪ ಒತ್ತಿದರೆ ಸಾಕು, ಮುಂದೆ ಹೋಗಿರುತ್ತದೆ. ಊರೊಳಗೆ ಲೀಟರಿಗೆ ಹತ್ತು ಕೊಡುತ್ತಿದ್ದದ್ದು ಹೆದ್ದಾರಿಯಲ್ಲಿ ಹದಿನೈದು ಕೊಟ್ಟಿತು. ಹಿಂದಿನ ಸೀಟಿನಲ್ಲಿ ಅಮ್ಮ ಕಡೂರಿನವರೆಗೆ ನಿದ್ದೆ ಮಾಡಿದರು. ಅವರಿಗೆ ಬೆನ್ನುನೋವು. ಹಳೆಯ ಸಣ್ಣ ಕಾರಿನಲ್ಲಿ ಅರಸೀಕೆರೆಗೇ "ನಿಲ್ಸೋ" ಅನ್ನುತ್ತಿದ್ದರು. ಸವಳಂಗ ದಾಟಿ ಶಿಕಾರಿಪುರದ ಕಡೆ ತಿರುಗಿದ ಮೇಲೆ ಸಿಕ್ಕ ಗುಂಡಿಗಳನ್ನು ಗಾಡಿ ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಸೊರಬದಾಚೆ ನಮ್ಮ ಹಳ್ಳಿಯ ಕೆಸರು ದಾರಿಯಲ್ಲೂ ಹೊಟ್ಟೆ ತಾಗಲಿಲ್ಲ. ಇಷ್ಟು ಕೆಲಸ ಬಲ್ಲ ಯಂತ್ರವನ್ನು ಹೊಗಳದೆ ಇರುವುದು ಅನ್ಯಾಯ.

ಆದರೆ ತರೀಕೆರೆಯ ಹತ್ತಿರ ಮುಂದಿನ ಪರದೆಯಲ್ಲಿ ಹಳದಿ ದೀಪ ಹತ್ತಿತು. ಜತೆಗೆ ಇಂಗ್ಲಿಷಿನ ಎರಡು ಸಾಲು. ಓದಿದೆ. ಅಕ್ಷರ ಗೊತ್ತು, ಪದ ಗೊತ್ತು, ಅರ್ಥವಾಗಲಿಲ್ಲ. ಹತ್ತಿರ ನಿಲ್ಲಿಸಿ ಕೈಪಿಡಿ ತೆಗೆದೆ. ನಾನೂರು ಪುಟ, ಎಲ್ಲ ಇಂಗ್ಲಿಷ್. ಸಹಾಯವಾಣಿಗೆ ಫೋನು ಮಾಡಿದೆ. ಹಿಂದಿಗೆ ಒಂದು ಒತ್ತಿ, ಇಂಗ್ಲಿಷಿಗೆ ಎರಡು ಒತ್ತಿ. ಕನ್ನಡಕ್ಕೆ? ಹತ್ತು ಗುಂಡಿಗಳಲ್ಲಿ ಕನ್ನಡಕ್ಕೊಂದು ಗುಂಡಿ ಮಿಗಲಿಲ್ಲ!

ಅದೇನೆಂದು ಆಮೇಲೆ ತಿಳಿಯಿತು. 2020ರ ಏಪ್ರಿಲ್ 1ರಿಂದ ಬಿಎಸ್ 6 ನಿಯಮ ಬಂತಲ್ಲ, ಅಂದಿನಿಂದ ಹೊಸ ಡೀಸೆಲ್ ಕಾರುಗಳ ಹೊಗೆಯ ಕೊಳವೆಯೊಳಗೆ ಒಂದು ಜರಡಿ ಇರುತ್ತದೆ. ಮಸಿ ಅದರಲ್ಲಿ ಕೂರುತ್ತದೆ. ಗಾಡಿ ದೂರ ಓಡಿ ಕೊಳವೆ ಚೆನ್ನಾಗಿ ಕಾದರೆ ಆ ಮಸಿ ಸುಟ್ಟು ಹೋಗುತ್ತದೆ. ಬೆಂಗಳೂರಿನಲ್ಲಿ ವಿಜಯನಗರದಿಂದ ಮೆಜೆಸ್ಟಿಕ್ಕಿಗೆ, ಮೆಜೆಸ್ಟಿಕ್ಕಿನಿಂದ ವಿಜಯನಗರಕ್ಕೆ ತೆವಳಿಸಿದರೆ ಜರಡಿ ಕಟ್ಟಿಕೊಳ್ಳುತ್ತದೆ. ಆಗ ದೀಪ ಹತ್ತುತ್ತದೆ. ಆ ಹೊತ್ತಿನಲ್ಲಿ ಗಾಡಿ ನಿಲ್ಲಿಸಬಾರದು, ಓಡಿಸುತ್ತಲೇ ಇರಬೇಕು. ನಾನೇನು ಮಾಡಿದ್ದೆ? ಗಾಬರಿಯಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಕೈಪಿಡಿ ಓದುತ್ತಾ ಕೂತಿದ್ದೆ! ಎಂಜಿನಿಯರಿಂಗ್ ಓದಿದವನು ನಾನು. ನನ್ನ ಗತಿಯೇ ಹೀಗೆ.

"ಹೊಗೆ ಜರಡಿ ತುಂಬಿದೆ. ಗಾಡಿ ನಿಲ್ಲಿಸದೆ ಇಪ್ಪತ್ತು ನಿಮಿಷ ಓಡಿಸಿ." ಇಷ್ಟು ಬರೆಯಲು ಎಷ್ಟು ಖರ್ಚು? ಯಾವ ಪಂಡಿತರ ಸಮಿತಿ ಕೂರಬೇಕು?

ಚಿಕ್ಕಪ್ಪನ ಕೈಯಲ್ಲಿ ನೀಲಿ ಕ್ಯಾನು

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಹಲವು ದೊಡ್ಡ ಡೀಸೆಲ್ ಗಾಡಿಗಳಿಗೆ ಈಗ ಡೀಸೆಲ್ ಸಾಲದು. ಇನ್ನೊಂದು ದ್ರವ ಹಾಕಬೇಕು, ಅದಕ್ಕೆ ಡಿಇಎಫ್ ಎನ್ನುತ್ತಾರೆ. ಡೀಸೆಲ್ ಟ್ಯಾಂಕಿನ ಮುಚ್ಚಳದ ಪಕ್ಕದಲ್ಲೇ ಅದಕ್ಕೊಂದು ನೀಲಿ ಮುಚ್ಚಳ. ಆ ದ್ರವ ಪೂರ್ತಿ ಖಾಲಿಯಾದ ಮೇಲೆ ಎಂಜಿನ್ ಆರಿಸಿದರೆ ಗಾಡಿ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಶಿವಮೊಗ್ಗದಲ್ಲಿ ಹತ್ತು ಲೀಟರಿನ ಒಂದು ಕ್ಯಾನು ಕೊಂಡು ಡಿಕ್ಕಿಯಲ್ಲಿಟ್ಟಿದ್ದೆ, ಊರಿಗೆ ಹೋಗಿ ಹಾಕಿಕೊಂಡರಾಯಿತು ಎಂದು.

ಬೆಳಿಗ್ಗೆ ಎದ್ದು ಬಂದರೆ ಅಂಗಳದಲ್ಲಿ ಚಿಕ್ಕಪ್ಪ ಗಾಡಿ ತೊಳೆದಿದ್ದಾನೆ. ಅಣ್ಣನ ಮಗ ಹೊಸ ಗಾಡಿ ತಂದಿದ್ದಾನೆಂಬ ಖುಷಿ. ಅಷ್ಟಕ್ಕೆ ನಿಲ್ಲದೆ ಕ್ಯಾನಿನ ಬಿರಡೆ ತೆಗೆದು, ಕೊಳವೆ ಸಿಕ್ಕಿಸಿ, ಡೀಸೆಲ್ ಟ್ಯಾಂಕಿನ ಬಾಯಿಗೆ ಬಗ್ಗಿಸುತ್ತಿದ್ದಾನೆ! "ಚಿಕ್ಕಪ್ಪಾ, ನಿಲ್ಸು ನಿಲ್ಸು" ಎಂದು ಕೂಗಿಕೊಂಡು ಓಡಿದೆ. ಒಂದು ಕ್ಷಣ ತಡವಾಗಿದ್ದರೂ ಮುಗಿದಿತ್ತು. ಆ ದ್ರವ ಡೀಸೆಲ್ಲಿಗೆ ಸೇರಿದರೆ ಪಂಪು, ಇಂಜೆಕ್ಟರು ಎಲ್ಲ ಹಾಳು. ಲಕ್ಷಗಟ್ಟಲೆ ಖರ್ಚು.

"ಯಾಕೆ ಚಿಕ್ಕಪ್ಪಾ ಅದಕ್ಕೆ ಹಾಕೋಕೆ ಹೋದೆ?"

"ನಿನ್ ತಮ್ಮನ ಹತ್ರ ಓದಿಸ್ದೆ ಕಣೋ. ಡೀಸೆಲ್ ಅಂತ ಏನೋ ಬರ್ದೈತೆ ಅಂದ. ಡೀಸೆಲ್ ಅಂದ್ಮೇಲೆ ಡೀಸೆಲ್ ಟ್ಯಾಂಕಿಗೇ ಅಲ್ವೇನೋ ಹಾಕೋದು?"

ನೋಡಿದೆ. ನಿಜವೇ. ಕ್ಯಾನಿನ ಮೇಲೆ ದಪ್ಪಕ್ಷರದ ಇಂಗ್ಲಿಷಿನಲ್ಲಿ ಡೀಸೆಲ್ ಎಗ್ಸಾಸ್ಟ್ ಫ್ಲೂಯಿಡ್. ಪಿಯುಸಿ ಓದುವ ನನ್ನ ತಮ್ಮ ಮೊದಲ ಪದ ಓದಿ ಹೇಳಿದ್ದ. ಅವನದೇನು ತಪ್ಪು?

"ಚಿಕ್ಕಪ್ಪಾ, ಇದು ಯೂರಿಯಾ ನೀರು. ನೂರಕ್ಕೆ ಮೂವತ್ತೆರಡೂವರೆ ಭಾಗ ಯೂರಿಯಾ, ಉಳಿದಿದ್ದೆಲ್ಲ ಶುದ್ಧ ನೀರು. ಹೊಗೆಯ ವಿಷ ಕಡಿಮೆ ಮಾಡೋಕೆ ಹೊಗೆ ಕೊಳವೆಗೆ ಚಿಮುಕಿಸೋದು" ಎಂದೆ.

ಚಿಕ್ಕಪ್ಪ ಕ್ಯಾನು ಕೆಳಗಿಟ್ಟು ನನ್ನನ್ನೇ ನೋಡಿದ. "ಯೂರಿಯಾ ನೀರು ಅಂತ ಬರ್ದಿದ್ರೆ ಆಗ್ತಿರ್ಲಿಲ್ವೇನೋ ತಮ್ಮಾ? ಮೂವತ್ ವರ್ಷ ಗದ್ದೆಗೆ ಯೂರಿಯಾ ಎರಚಿದೀನಿ. ಅದನ್ನ ಡೀಸೆಲ್ ಟ್ಯಾಂಕಿಗೆ ಹುಯ್ಯೋವಷ್ಟು ದಡ್ಡನೇನೋ ನಾನು?"

ಗೆಳೆಯಾ, ಆ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ. ನಿನ್ನ ಬಳಿ ಇದೆಯೇ? ಈ ಮನುಷ್ಯ ಪಂಪ್‌ಸೆಟ್ಟಿನ ಎಂಜಿನ್ ಬಿಚ್ಚಿ ಜೋಡಿಸುವವನು. ಶಬ್ದ ಕೇಳಿ ಯಾವ ವಾಲ್ವು ಸಡಿಲವಾಗಿದೆ ಎಂದು ಹೇಳುವವನು. ದಿನವೂ ಕನ್ನಡ ಪೇಪರು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವವನು. ಅಂಥವನನ್ನು ಒಂದು ಪ್ಲಾಸ್ಟಿಕ್ ಕ್ಯಾನು ಒಂದೇ ನಿಮಿಷದಲ್ಲಿ ಅನಕ್ಷರಸ್ಥನನ್ನಾಗಿ ಮಾಡಿತು. ಅವನ ಸ್ವಂತ ಅಂಗಳದಲ್ಲಿ, ಅವನದೇ ಭಾಷೆಯ ನೆಲದಲ್ಲಿ!

ಅಟ್ಟದ ಮೇಲಿನ ಪುಸ್ತಕ

ಚಿಕ್ಕಪ್ಪ ಒಳಗೆ ಹೋಗಿ ಅಟ್ಟದಿಂದ ಒಂದು ಪುಸ್ತಕ ತಂದ. ಎಣ್ಣೆಯ ಕೈಗುರುತು, ಮೂಲೆ ಹರಿದಿದೆ. ಅವನ ಟ್ರ್ಯಾಕ್ಟರಿನ ಕೈಪಿಡಿ. ಪೂರ್ತಿ ಕನ್ನಡ! ಎಷ್ಟು ಗಂಟೆ ಓಡಿದ ಮೇಲೆ ಆಯಿಲ್ ಬದಲಿಸಬೇಕು, ಗ್ರೀಸ್ ಎಲ್ಲಿ ತುಂಬಬೇಕು, ಇಳಿಜಾರಿನಲ್ಲಿ ಕ್ಲಚ್ ಹಿಡಿಯಬಾರದೇಕೆ. ಚಿತ್ರ ಸಮೇತ.

ಅದು ಹೇಗಪ್ಪಾ? ಟ್ರ್ಯಾಕ್ಟರೂ ಡೀಸೆಲ್ ಯಂತ್ರ. ನನ್ನ ಗಾಡಿಯ ಬೆಲೆಯ ಅರ್ಧವೂ ಅದಕ್ಕಿಲ್ಲ. ಅದಕ್ಕೆ ಕನ್ನಡ ಬರುತ್ತದೆ, ನನ್ನ ಹದಿನೆಂಟು ಲಕ್ಷದ ಗಾಡಿಗೆ ಬರುವುದಿಲ್ಲ. ಕಾರಣ ಸರಳ. ಟ್ರ್ಯಾಕ್ಟರ್ ಕೊಳ್ಳುವ ರೈತ ಕನ್ನಡದಲ್ಲಿ ಕೇಳುತ್ತಾನೆ, ಕನ್ನಡದಲ್ಲಿ ಚೌಕಾಸಿ ಮಾಡುತ್ತಾನೆ, ಅರ್ಥವಾಗದಿದ್ದರೆ ಎದ್ದು ಪಕ್ಕದ ಅಂಗಡಿಗೆ ಹೋಗುತ್ತಾನೆ. ಕಂಪನಿಗೆ ಅದು ಗೊತ್ತು. ನಾನು ನೀನು? ಅರ್ಥವಾಗದಿದ್ದರೂ ತಲೆಯಾಡಿಸುತ್ತೇವೆ. ಕಂಪನಿಗೆ ಅದೂ ಗೊತ್ತು!

ವ್ಯಾಪಾರಿ ಕನ್ನಡದ ಶತ್ರುವೂ ಅಲ್ಲ, ಮಿತ್ರನೂ ಅಲ್ಲ. ಅವನು ಗಿರಾಕಿಯ ಬಾಯಿ ನೋಡುವವನು. ಗಿರಾಕಿ ಬಾಯಿ ಮುಚ್ಚಿಕೊಂಡಿದ್ದರೆ ಅವನೇಕೆ ಪುಸ್ತಕ ಅಚ್ಚು ಹಾಕಿಸಬೇಕು?

ಅವರು ಕೊಡುವ ನೆಪಗಳು

ಮೊದಲನೇ ನೆಪ: ಕನ್ನಡದ ಮಾರುಕಟ್ಟೆ ಚಿಕ್ಕದು. ಹೌದೇ? 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿಯೆಂದು ಬರೆಸಿದವರು 4 ಕೋಟಿ 37 ಲಕ್ಷ. ಯುರೋಪಿನಲ್ಲಿ ಎಸ್ಟೋನಿಯಾ ಎಂಬ ದೇಶವಿದೆ. ಇಡೀ ದೇಶದ ಜನ 14 ಲಕ್ಷ ಮುಟ್ಟುವುದಿಲ್ಲ. ನಮ್ಮ ಶಿವಮೊಗ್ಗ ಜಿಲ್ಲೆಯೊಂದೇ 2011ರಲ್ಲಿ 17 ಲಕ್ಷ ದಾಟಿತ್ತು. ಅಲ್ಲಿ ಕಾರು ಕೊಂಡವನಿಗೆ ಅವನ ಎಸ್ಟೋನಿಯನ್ ಭಾಷೆಯಲ್ಲೇ ಕೈಪಿಡಿ ಸಿಗುತ್ತದೆ. ನಮ್ಮ ಒಂದು ಜಿಲ್ಲೆಗಿಂತ ಚಿಕ್ಕ ದೇಶಕ್ಕೆ ಸಿಗುವ ಮರ್ಯಾದೆ ನಾಲ್ಕು ಕೋಟಿ ಜನಕ್ಕೆ ಬೇಡವೇ?

ಎರಡನೇ ನೆಪ: ಕನ್ನಡದಲ್ಲಿ ತಾಂತ್ರಿಕ ಪದಗಳಿಲ್ಲ. ಈ ಮಾತನ್ನು ಎಲ್ಲಿ ಬೇಕಾದರೂ ಹೇಳು, ಶಿಕಾರಿಪುರ ತಾಲ್ಲೂಕಿನಲ್ಲಿ ಮಾತ್ರ ಹೇಳಬೇಡ. ಅಲ್ಲಿ ಬಳ್ಳಿಗಾವಿ ಇದೆ, ಅಲ್ಲಮ ಹುಟ್ಟಿದ ಊರು. ಉಡುತಡಿ ಇದೆ, ಅಕ್ಕಮಹಾದೇವಿಯ ಊರು. 12ನೇ ಶತಮಾನದಲ್ಲಿ ಬಯಲು ಎಂದರೇನು, ಅರಿವು ಎಂದರೇನು ಎಂದು ಕನ್ನಡದಲ್ಲಿ ಹೇಳಿದವರ ನಾಡಿನಲ್ಲಿ ನಿಂತು ಹೊಗೆ ಜರಡಿಗೆ ಕನ್ನಡವಿಲ್ಲ ಎನ್ನುತ್ತೀಯಾ? ಪಂಡಿತರ ಕನ್ನಡವೂ ಬೇಡ. ಶಿರಾಳಕೊಪ್ಪದ ಯಾವ ಗ್ಯಾರೇಜಿಗಾದರೂ ಹೋಗು. ಗೇರು, ಬ್ರೇಕು, ಕ್ಲಚ್ಚು, ಪಂಕ್ಚರು. ಬಂದದ್ದಕ್ಕೆಲ್ಲ ಒಂದು ಉಕಾರ ಹಚ್ಚಿ ನಮ್ಮದು ಮಾಡಿಕೊಂಡಿದ್ದೇವೆ. ಮೆಕ್ಯಾನಿಕ್ ಆಡುವ ಕನ್ನಡವನ್ನೇ ಅಚ್ಚು ಹಾಕಲಿ, ಸಾಕು.

ಮೂರನೇ ನೆಪ: ಗಾಡಿಯ ಕಂಪ್ಯೂಟರಿಗೆ ಕನ್ನಡ ಕಲಿಸುವುದು ಕಷ್ಟ. ಕಷ್ಟವೇ! ನಿನ್ನ ಮೊಬೈಲಿನ ಭಾಷೆಯನ್ನು ಕನ್ನಡಕ್ಕೆ ತಿರುಗಿಸಿ ಗೂಗಲ್ ನಕ್ಷೆ ಹಾಕಿ ನೋಡು, ಎಡಕ್ಕೆ ತಿರುಗಿ ಬಲಕ್ಕೆ ತಿರುಗಿ ಎಂದು ಕನ್ನಡದಲ್ಲೇ ಹೇಳುತ್ತದೆ. ನನ್ನ ಗಾಡಿಯೊಳಗೆ ಎರಡು ಸಾವಿರ ರೂಪಾಯಿಯ ಹಳೇ ಮೊಬೈಲು ಕನ್ನಡ ಮಾತಾಡುತ್ತಿತ್ತು, ಹದಿನೆಂಟು ಲಕ್ಷದ ಗಾಡಿ ಶಿರಾಳಕೊಪ್ಪ ಎನ್ನಲಾರದೆ ತೊದಲುತ್ತಿತ್ತು. ಇನ್ನು ಡೀಸೆಲ್ ಗಾಡಿಯ ಹೃದಯವಾದ ಇಂಧನ ಪಂಪು? ಅದರ ಹೆಸರಾಂತ ಕಾರ್ಖಾನೆ ಮೈಕೋ ಶುರುವಾದದ್ದು ನಮ್ಮ ಬೆಂಗಳೂರಿನಲ್ಲಿ. ಇಂದು ಜಗತ್ತಿನ ದೊಡ್ಡ ದೊಡ್ಡ ಕಾರುಗಳ ಸಾಫ್ಟ್‌ವೇರ್ ಬರೆಯುವ ಕಚೇರಿಗಳಿರುವುದೂ ಬೆಂಗಳೂರಿನಲ್ಲೇ. ಅಲ್ಲಿ ಕೂತು ಬರೆಯುವವರಲ್ಲಿ ನೀನೂ ಒಬ್ಬನಿರಬಹುದು. ಜರ್ಮನಿಗೆ ಜರ್ಮನ್ ಹಾಕುತ್ತೀಯ, ಜಪಾನಿಗೆ ಜಪಾನಿ ಹಾಕುತ್ತೀಯ. ಊರಿನಲ್ಲಿರುವ ಅಪ್ಪನಿಗೆ ಕನ್ನಡ ಹಾಕಲು ನಿನ್ನ ಕೈಗೇನಾಗಿದೆ?

ಕಾನೂನು ಏನು ಹೇಳುತ್ತದೆ

ಗದ್ದೆಗೆ ಹೊಡೆಯುವ ಔಷಧಿಯ ಡಬ್ಬಿ ತೆಗೆದು ನೋಡು. 1971ರ ಕೀಟನಾಶಕ ನಿಯಮಗಳ ಪ್ರಕಾರ ಅದರ ಚೀಟಿ ಹಿಂದಿ, ಇಂಗ್ಲಿಷಿನ ಜತೆಗೆ ಮಾರಾಟವಾಗುವ ಪ್ರದೇಶದ ಭಾಷೆಯಲ್ಲೂ ಇರಲೇಬೇಕು. ಯಾಕೆ? ಅಪಾಯದ ವಿಷಯವನ್ನು ಬಳಸುವವನ ಭಾಷೆಯಲ್ಲಿ ಹೇಳದಿದ್ದರೆ ಹೇಳಿದಂತಾಗುವುದಿಲ್ಲ ಎಂದು ಸರ್ಕಾರಕ್ಕೆ ಅವತ್ತೇ ಗೊತ್ತಿತ್ತು. ಎರಡು ಟನ್ನಿನ ಗಾಡಿ ನೂರರ ವೇಗದಲ್ಲಿ ಹೋಗುವಾಗ ಅಪಾಯವಿಲ್ಲವೇ? ಮುಂದಿನ ಸೀಟಿನಲ್ಲಿ ಏರ್‌ಬ್ಯಾಗಿನ ಎದುರು ಹಿಮ್ಮುಖದ ಮಗುವಿನ ಸೀಟು ಇಡಬಾರದು, ಇಟ್ಟರೆ ಮಗುವಿನ ಜೀವಕ್ಕೇ ಸಂಚಕಾರ. ಆ ಎಚ್ಚರಿಕೆ ನನ್ನ ಗಾಡಿಯ ಬಿಸಿಲುಪಟ್ಟಿಯ ಮೇಲೆ ಇಂಗ್ಲಿಷಿನಲ್ಲಿದೆ. ಅದನ್ನು ಓದಬೇಕಾದ ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ.

ಪೊಟ್ಟಣದ ಸರಕಿನ ಬಗ್ಗೆ 2011ರ ಕೇಂದ್ರ ನಿಯಮ ಇನ್ನೂ ಚೆನ್ನಾಗಿದೆ. ಕಡ್ಡಾಯ ವಿವರಗಳನ್ನು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಹಾಕಿದರೆ ಸಾಕು. ಕನ್ನಡ? ಹಾಕಿದರೆ ಹಾಕಿ, ಬಿಟ್ಟರೆ ಬಿಡಿ! ನಮ್ಮ ರಾಜ್ಯದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022 ಕರ್ನಾಟಕದಲ್ಲಿ ತಯಾರಾಗಿ ಇಲ್ಲಿ ಮಾರಾಟವಾಗುವ ಸರಕಿನ ಮೇಲೆ ಹೆಸರೂ ಬಳಕೆಯ ಸೂಚನೆಯೂ ಕನ್ನಡದಲ್ಲೂ ಇರಲಿ ಎನ್ನುತ್ತದೆ. ಒಳ್ಳೆಯದೇ. ಆದರೆ ಹೊರರಾಜ್ಯದಲ್ಲಿ ತಯಾರಾಗಿ ಇಲ್ಲಿ ಮಾರಾಟವಾಗುವ ಗಾಡಿಗೆ? ಅಲ್ಲಿ ಅದರ ಕೈ ನಿಲ್ಲುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಗ್ರಾಹಕನಿಗೆ ತಿಳಿದುಕೊಳ್ಳುವ ಹಕ್ಕು ಕೊಟ್ಟಿದೆ. ತಿಳಿಯದ ಭಾಷೆಯಲ್ಲಿ ತಿಳಿಸುವುದು ಯಾವ ಸೀಮೆಯ ತಿಳಿವಳಿಕೆ?

ತೆರಿಗೆಯ ಮಾತೂ ಆಗಲಿ. ಕರ್ನಾಟಕದಲ್ಲಿ ಹತ್ತು ಲಕ್ಷ ಮೀರಿದ ಕಾರಿಗೆ ಆಜೀವ ತೆರಿಗೆ ನೂರಕ್ಕೆ 17, ಇಪ್ಪತ್ತು ಲಕ್ಷ ಮೀರಿದರೆ 18. ನನ್ನ ಗಾಡಿಗೆ ಮೂರು ಲಕ್ಷಕ್ಕೂ ಹೆಚ್ಚು ಕಟ್ಟಿದ್ದೇನೆ. ಕನ್ನಡ ರಾಜ್ಯದ ಬೊಕ್ಕಸಕ್ಕೆ ಕಟ್ಟಿದ ಹಣ. ಆ ರಾಜ್ಯ ನನ್ನ ಪರವಾಗಿ ದೆಹಲಿಗೆ ಒಂದು ಕಾಗದ ಬರೆದು, ಔಷಧಿ ಡಬ್ಬಿಗೆ ಇರುವ ನಿಯಮವನ್ನು ಗಾಡಿಗೂ ತನ್ನಿ ಎಂದು ಕೇಳಬಾರದೇ? ಬಂಗಾರಪ್ಪನವರನ್ನು ಸೊರಬ ಕೊಟ್ಟಿತು, ಯಡಿಯೂರಪ್ಪನವರನ್ನು ಶಿಕಾರಿಪುರ ಕಳಿಸಿತು. ಪಕ್ಕಪಕ್ಕದ ಎರಡು ತಾಲ್ಲೂಕು ವಿಧಾನಸೌಧಕ್ಕೆ ಇಬ್ಬರು ಮುಖ್ಯಮಂತ್ರಿಗಳನ್ನು ಕೊಟ್ಟಿವೆ. ಆ ತಾಲ್ಲೂಕಿನ ರೈತನ ಅಂಗಳಕ್ಕೆ ವಿಧಾನಸೌಧ ಒಂದು ಕನ್ನಡದ ಚೀಟಿ ತರಿಸಿಕೊಡಲಿ.

ತಾಳಗುಂದದ ಕಂಬದ ಎದುರು

ವಾಪಸು ಬರುವಾಗ ಶಿರಾಳಕೊಪ್ಪದ ಬಳಿ ತಾಳಗುಂದದಲ್ಲಿ ಗಾಡಿ ನಿಲ್ಲಿಸಿದೆ. ಪ್ರಣವೇಶ್ವರ ದೇಗುಲದ ಮುಂದೆ ಕದಂಬರ ಕಂಬವಿದೆ. ಕುಬ್ಜ ಎಂಬ ಕವಿ ಸಂಸ್ಕೃತದಲ್ಲಿ ಬರೆದ ಶಾಸನ. ಇದೇ ಊರಿನ ಮಯೂರಶರ್ಮ ಓದಲು ಕಂಚಿಗೆ ಹೋದ. ಅಲ್ಲಿ ಪಲ್ಲವರ ಅಶ್ವಸಂಸ್ಥೆಯವರೊಂದಿಗೆ ಜಗಳವಾಯಿತು. ಅವರು ಕುದುರೆ ಸವಾರರಿರಬೇಕು ಎನ್ನುತ್ತಾರೆ ಹಲವು ವಿದ್ವಾಂಸರು. ಅವಮಾನ ನುಂಗಿಕೊಂಡು ತಲೆಯಾಡಿಸಲಿಲ್ಲ ಆತ. ಕತ್ತಿ ಹಿಡಿದ, ರಾಜ್ಯ ಕಟ್ಟಿದ. 2013ರ ಅಗೆತದಲ್ಲಿ ಅದೇ ದೇಗುಲದ ಬಳಿ ಸಿಂಹದ ಕಟಾಂಜನದ ಮೇಲಿನ ಶಾಸನ ಸಿಕ್ಕಿತು. ಅದು ಕ್ರಿ.ಶ. 370ರದು, ಹಲ್ಮಿಡಿಗಿಂತ ಹಳೆಯ ಕನ್ನಡ ಅದರಲ್ಲಿದೆ ಎಂದು ಪುರಾತತ್ವ ಇಲಾಖೆಯವರು ಹೇಳಿದರು. ಅದೇ ಶಿಕಾರಿಪುರ ತಾಲ್ಲೂಕಿನ ಈಸೂರು 1942ರಲ್ಲಿ ಬ್ರಿಟಿಷರಿಗೆ ಬಗ್ಗದೆ ತನ್ನದೇ ಸರ್ಕಾರ ಘೋಷಿಸಿತು. 1943ರಲ್ಲಿ ಐವರು ಗಲ್ಲಿಗೇರಿದರು.

ನಿನ್ನಿಂದ ಯಾರೂ ಕತ್ತಿ ಕೇಳುತ್ತಿಲ್ಲ, ಪ್ರಾಣ ಕೇಳುತ್ತಿಲ್ಲ. ಷೋರೂಮಿನಲ್ಲಿ ಒಂದು ಕನ್ನಡದ ವಾಕ್ಯ ಕೇಳುತ್ತಿದ್ದೇವೆ!

ನವೆಂಬರ್ ಒಂದಕ್ಕೆ ಬಾನೆಟ್ಟಿಗೆ ಹಳದಿ ಕೆಂಪು ಬಾವುಟ ಕಟ್ಟುತ್ತೀಯ. ನಾನೂ ಕಟ್ಟಿದ್ದೇನೆ. ಬಾವುಟದ ಹಿಂದಿನ ಗಾಜಿನೊಳಗೆ ಕನ್ನಡವಿಲ್ಲ. ಬೋರ್ಡಿಗೆ ಮಸಿ ಬಳಿಯುವುದು ಸುಲಭ, ರಾತ್ರಿ ಹೋಗಿ ಬಂದರಾಯಿತು. ಹಗಲು ಹೊತ್ತಿನಲ್ಲಿ, ಹೆಂಡತಿ ಮಕ್ಕಳ ಎದುರಿಗೆ, ಸೂಟು ಹಾಕಿದವನ ಮುಖ ನೋಡಿ "ಕನ್ನಡದಲ್ಲಿ ಕೊಡಿ" ಎನ್ನುವುದೇ ಕಷ್ಟ. ಆ ಕಷ್ಟದ ಕೆಲಸವನ್ನು ಈಗ ಮಾಡಬೇಕಾಗಿದೆ.

ಏನು ಕೇಳಬೇಕು? ಬರೆದುಕೋ.

ಒಂದು: ಗಾಡಿಯ ಜತೆ ಕನ್ನಡದ ಕೈಪಿಡಿ. ನಾನೂರು ಪುಟ ಆಗದಿದ್ದರೆ ಮೊದಲು ನಲವತ್ತು ಪುಟವಾದರೂ ಬರಲಿ.

ಎರಡು: ಏರ್‌ಬ್ಯಾಗು, ಇಂಧನದ ಮುಚ್ಚಳ, ಡಿಇಎಫ್ ಕ್ಯಾನು, ಇವುಗಳ ಮೇಲೆ ಕನ್ನಡದ ಎಚ್ಚರಿಕೆ.

ಮೂರು: ಪರದೆಯ ಮೇಲೆ ಬರುವ ಎಚ್ಚರಿಕೆಯ ಸಾಲುಗಳು ಕನ್ನಡದಲ್ಲಿ.

ನಾಲ್ಕು: ಸಹಾಯವಾಣಿಯಲ್ಲಿ ಕನ್ನಡಕ್ಕೊಂದು ಗುಂಡಿ, ಅದನ್ನು ಒತ್ತಿದರೆ ಕನ್ನಡ ಬಲ್ಲ ಮನುಷ್ಯ.

ಐದು: ವಾರಂಟಿ, ವಿಮೆ, ಸರ್ವೀಸ್ ಬಿಲ್ಲು ಕನ್ನಡದಲ್ಲಿ.

ಬುಕಿಂಗ್ ಹಣ ಕೊಡುವ ಮುಂಚೆ ಕೇಳು. ಕೊಟ್ಟ ಮೇಲೆ ಕೇಳಿದರೆ ಯಾರೂ ಕೇಳುವುದಿಲ್ಲ. ಬಾಯಲ್ಲಿ ಕೇಳಿ ಸುಮ್ಮನಾಗಬೇಡ, ಕಾಗದದಲ್ಲಿ ಬರೆದು ಕೊಟ್ಟು ಸೀಲು ಹಾಕಿಸಿಕೋ. ಇಲ್ಲವೆಂದರೆ ಎದ್ದು ಪಕ್ಕದ ಷೋರೂಮಿಗೆ ಹೋಗು, ಅಲ್ಲಿಯೂ ಇದನ್ನೇ ಕೇಳು. ಒಬ್ಬ ಕೇಳಿದರೆ ನಗುತ್ತಾರೆ. ಹತ್ತು ಜನ ಕೇಳಿದರೆ ಮ್ಯಾನೇಜರು ಮೇಲಿನವರಿಗೆ ಬರೆಯುತ್ತಾನೆ. ಸಾವಿರ ಜನ ಕೇಳಿದರೆ ಪುಸ್ತಕ ಅಚ್ಚಾಗುತ್ತದೆ. ಟ್ರ್ಯಾಕ್ಟರಿನ ಪುಸ್ತಕ ಅಚ್ಚಾದದ್ದೂ ರೈತನ ಬಾಯಿಗೆ ಹೆದರಿಯೇ.

ಮತ್ತೆ ಆ ಟೈ ಕಟ್ಟಿದ ಹುಡುಗನನ್ನು ಮರೆಯಬೇಡ. ಅವನು ನಮ್ಮವನೇ, ಹೊಟ್ಟೆಪಾಡಿಗೆ ಇಂಗ್ಲಿಷ್ ಆಡುತ್ತಿದ್ದಾನೆ. ಅವನ ಮೇಲೆ ರೇಗಬೇಡ. "ಯಾವೂರು ತಮ್ಮಾ?" ಎಂದು ಕೇಳು. ಅವನ ಮುಖ ಅರಳುವುದನ್ನು ನೋಡು. ನಾನು ಮುಕ್ಕಾಲು ಗಂಟೆ ತಡ ಮಾಡಿದೆ. ನೀನು ಮಾಡಬೇಡ.

ಊರಿನಿಂದ ಹೊರಡುವ ದಿನ ಚಿಕ್ಕಪ್ಪ ಒಂದು ಕೆಲಸ ಮಾಡಿದ್ದ. ನೀಲಿ ಮುಚ್ಚಳದ ಪಕ್ಕ ಬಿಳಿ ಬಣ್ಣದಲ್ಲಿ, ಸೊಟ್ಟ ಅಕ್ಷರದಲ್ಲಿ "ಯೂರಿಯಾ ನೀರು ಮಾತ್ರ" ಎಂದು ಬರೆದಿದ್ದ. ಹೊಸ ಗಾಡಿಗೆ ಗೀಚಿದನಲ್ಲ ಎಂದು ತಮ್ಮ ಬೇಜಾರು ಮಾಡಿಕೊಂಡ. ನಾನು ಅಳಿಸಿಲ್ಲ. ಆ ಗಾಡಿಯಲ್ಲಿರುವ ಕನ್ನಡ ಅದೊಂದೇ.